ಹೊಗೆಯ ಬೆನ್ನು ಹತ್ತಿದ ನಾದಿನಿ

ನನ್ನ ಗಂಡನ ತಂಗಿ ಒಂದು ಬೇಸಿಗೆ ಪೂರ್ತಿ ನಮ್ಮ ಮನೆಯಲ್ಲೇ ಇರುತ್ತಾಳೆ ಎಂದಾಗ, ಕನ್ನಡಕದ ಅಂಗಡಿಯಲ್ಲಿ ನನ್ನ ಜೊತೆ ಕೆಲಸ ಮಾಡುವವಳು ಕೈಯಲ್ಲಿದ್ದ ಫ್ರೇಮು ಕೆಳಗಿಟ್ಟು ನನ್ನ ಭುಜ ತಟ್ಟಿದಳು. "ನಾದಿನಿ, ಅದೂ ಒಂದು ಬೇಸಿಗೆ! ದೇವರು ನಿನಗೆ ತಾಳ್ಮೆ ಕೊಡಲಿ" ಎಂದಳು. ನಾನೂ ನಕ್ಕೆ. ಆಗ ನನಗೆ ಅವಳ ಒಡನಾಟ ಅಷ್ಟಾಗಿ ಇರಲಿಲ್ಲ. ನಮ್ಮ ಮದುವೆಯ ಹೊತ್ತಿಗೆ ಅವಳು ಎಲ್ಲೋ ದೂರದಲ್ಲಿ ಓದುತ್ತಿದ್ದಳು; ಆಮೇಲೂ ನೆಂಟರ ಹಾಗೆ ಬಂದು ಹೋಗುತ್ತಿದ್ದಳು, ಅಷ್ಟೇ. ಗಾಳಿಯ ರಸಾಯನಶಾಸ್ತ್ರ ಅವಳ ವಿಷಯ. ನಲವತ್ತು ದಾಟಿದ್ದರೂ, ಡಾಕ್ಟರೇಟ್ ಬಂದು ಎಷ್ಟೋ ವರ್ಷವಾಗಿದ್ದರೂ ನನ್ನ ಗಂಡನಿಗೆ ಅವಳು ಇನ್ನೂ ಪುಟ್ಟಿಯೇ.

ಪುಟ್ಟಿ ಒಂದು ಸಣ್ಣ ಬಟ್ಟೆಯ ಚೀಲ ಮತ್ತು ಒಂದು ಲಾರಿ ತುಂಬ ಪೆಟ್ಟಿಗೆಗಳ ಜೊತೆ ಬಂದಳು. ಪೆಟ್ಟಿಗೆಗಳು ಊರಾಚೆಯ ಸಣ್ಣ ವಿಮಾನ ನಿಲ್ದಾಣದ ಶೆಡ್ಡಿಗೆ ಹೋದವು, ಚೀಲ ನಮ್ಮ ಹಿಂದಿನ ಕೋಣೆ ಸೇರಿತು. ಮುಖ ತೊಳೆದವಳೇ ಹಿತ್ತಲಿಗೆ ನಡೆದಳು. ಅಲ್ಲಿ ತಂತಿಯ ಮೇಲೆ ನಾನು ಒಣಹಾಕಿದ್ದ ಬಿಳಿ ಹೊದಿಕೆಗಳ ಮೇಲೆಲ್ಲ ಎಂದಿನಂತೆ ಕರಿ ಚುಕ್ಕೆ ಕೂತಿತ್ತು. ಅವಳು ಒಂದನ್ನು ಬೆರಳಿನಲ್ಲಿ ತೀಡಿ ಮೂಸಿದಳು.

"ಅಣ್ಣಾ, ಇದು ನಿಮ್ಮ ಚಿಮಣಿದೇ ಕಣೋ."

"ಬಂದ ದಿನಾನೇ ಶುರು ಮಾಡ್ಬೇಡ ಪುಟ್ಟಿ. ಮೊದ್ಲು ಟೀ ಕುಡಿ" ಎಂದರು ನನ್ನ ಗಂಡ.

ನಮ್ಮ ಊರಿನಿಂದ ಯಾವ ದಿಕ್ಕಿಗೆ ಹೊರಟರೂ ಮಳೆಕಾಡು. ಹಸಿರಿನ ನಡುವೆ ಯಾರೋ ಬೂದು ಬಣ್ಣದ ತಟ್ಟೆ ಇಟ್ಟು ಮರೆತ ಹಾಗೆ ಊರು ಕೂತಿದೆ. ಅಷ್ಟು ಜನಕ್ಕೂ ಕರೆಂಟು ಕೊಡುತ್ತಿದ್ದದ್ದು ನಮ್ಮ ಮನೆಯ ಹಿಂದಿನ ವಿದ್ಯುತ್ ಸ್ಥಾವರ. ಡಾಂಬರಿನ ಹಾಗೆ ಗಟ್ಟಿಯಾದ ಎಣ್ಣೆಯನ್ನು ಕಾಯಿಸಿ, ತೆಳ್ಳಗೆ ಮಾಡಿ, ಮನೆಯಷ್ಟು ದೊಡ್ಡ ಎಂಜಿನ್ನುಗಳಲ್ಲಿ ಉರಿಸುತ್ತಿದ್ದರು. ನನ್ನ ಗಂಡ ಅಲ್ಲಿ ಎಂಜಿನಿಯರು. ಕೆಲಸದ ಬಗ್ಗೆ ಅವರಿಗೆ ತುಂಬ ಹೆಮ್ಮೆ. "ಆಸ್ಪತ್ರೆ ದೀಪ ನಮ್ದು, ನಲ್ಲಿ ನೀರು ನಮ್ದು, ನೀನು ಗಾಜು ಉಜ್ಜೋ ಚಕ್ರಾನೂ ನಮ್ದೇ" ಎಂದು ನನ್ನ ಹತ್ತಿರವೂ ಜಂಬ ಕೊಚ್ಚಿಕೊಳ್ಳುತ್ತಿದ್ದರು. ಚಿಮಣಿಯ ಹೊಗೆ ಗಾಳಿಯ ಜೊತೆ ಕಾಡಿನ ಕಡೆಗೆ ಸಾಗುತ್ತಿತ್ತು. ಕಾಡಿನ ಕಡೆಗೆ ತಾನೇ, ಅಲ್ಲಿ ಯಾರಿದ್ದಾರೆ ಎಂದು ನಾವೆಲ್ಲ ನಿಶ್ಚಿಂತೆಯಿಂದ ಇದ್ದೆವು.

ಪುಟ್ಟಿಗೆ ಇದ್ದ ಪ್ರಶ್ನೆಯೇ ಅದು: ಕಾಡಿನ ಮೇಲೆ ಹೋದ ಆ ಹೊಗೆ ಅಲ್ಲಿ ಏನು ಮಾಡುತ್ತದೆ?

"ಮರಗಳು ಸುಮ್ನೆ ನಿಂತಿರಲ್ಲ ಅತ್ತಿಗೆ" ಎಂದು ಊಟದ ಮೇಜಿನ ಮುಂದೆ ಒಂದು ದಿನ ವಿವರಿಸಿದಳು. "ಬಿಸಿಲು ಬಿದ್ದ ಕೂಡ್ಲೇ ಎಲೆಯಿಂದ ಒಂದು ಆವಿ ಬಿಡೋಕೆ ಶುರು ಮಾಡ್ತವೆ. ಐಸೊಪ್ರೀನ್ ಅಂತ. ಒಂದು ಮರ ಅಲ್ಲ, ಇಡೀ ಕಾಡು. ಅದರ ಮುಂದೆ ನಮ್ಮೂರ ಪೆಟ್ರೋಲ್ ಬಂಕುಗಳ ವಾಸನೆಯೆಲ್ಲ ಸೇರಿಸಿದ್ರೂ ಒಂದು ಚಿಟಿಕೆ."

ನನ್ನ ಗಂಡನ ಮುಖ ಅರಳಿತು. "ಹಾಗಾದ್ರೆ ಕಾಡೂ ಹೊಗೆ ಬಿಡುತ್ತೆ ಅಂತಾಯ್ತು."

"ಹೊಗೆ ಅಲ್ಲ ಅಣ್ಣ, ಉಸಿರು. ಅದರ ಪಾಡಿಗೆ ಬಿಟ್ರೆ ಗಾಳಿ ಅದನ್ನ ನಿಧಾನಕ್ಕೆ ಅರಗಿಸ್ಕೊಳ್ಳುತ್ತೆ. ಆದ್ರೆ ನಿಮ್ಮ ಚಿಮಣಿಯಿಂದ, ಬಸ್ಸು ಲಾರಿಗಳಿಂದ ಹೋಗೋ ನೈಟ್ರೋಜನ್ ಆಕ್ಸೈಡ್ ಅದರ ಜೊತೆ ಬೆರೆತು, ಮೇಲಿಂದ ಬಿಸಿಲು ಕಾಯ್ತು ಅಂದ್ರೆ ಅಡುಗೆನೇ ಬೇರೆ. ಉಸಿರಾಟಕ್ಕೆ ಕೆಡುಕು ಮಾಡೋ ಓಜೋನ್ ಹುಟ್ಟುತ್ತೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಹುಟ್ತವೆ. ಅವು ಹೋಗಿ ಮೋಡದೊಳಗೆ ಸೇರ್ಕೊಳ್ತವೆ, ಮಳೆ ಬೀಳೋ ರೀತಿನೇ ಬದಲಾಗಬಹುದು. ಇಲ್ಲಿ ಅದು ಎಷ್ಟು ನಿಜ ಅಂತ ನೋಡೋಕೆ ಬಂದಿರೋದು."

"ಗೊತ್ತಿಲ್ದೇನೇ ಇಷ್ಟು ಮಾತಾ?"

"ಗೊತ್ತಿಲ್ಲ ಅಂತಾನೇ ಇಷ್ಟು ಮಾತು" ಎಂದು ಅವಳು ತಟ್ಟೆ ಎತ್ತಿಕೊಂಡು ಹೋದಳು. ನನ್ನ ಗಂಡ ನನ್ನ ಕಡೆ ನೋಡಿದರು. ನಾನು ಯಾರ ಪಕ್ಷವೂ ವಹಿಸದೆ ನೀರು ಕುಡಿದೆ.

ಗೊತ್ತುಮಾಡಿಕೊಳ್ಳಲು ಅವಳ ಹತ್ತಿರ ಒಂದು ಯಂತ್ರವಿತ್ತು. ಗಾಳಿಯನ್ನು ಒಳಗೆಳೆದು, ಅದರಲ್ಲಿರುವ ಅಣುಗಳನ್ನು ತೂಗಿ, ಯಾವ ಆವಿ ಎಷ್ಟಿದೆ ಎಂದು ಪರದೆಯ ಮೇಲೆ ಗೆರೆ ಎಳೆದು ತೋರಿಸುವ ಯಂತ್ರ. ವರ್ಷಗಟ್ಟಲೆ ಕೂತು ಅವಳೇ ಕಟ್ಟಿದ್ದು. ಅವರ ತಂಡದವರೆಲ್ಲ ಅದನ್ನು 'ಮೂಗು' ಎಂದು ಕರೆಯುತ್ತಿದ್ದರು. ಅದು ಕೈಕೊಟ್ಟ ದಿನ ಪುಟ್ಟಿ ಮನೆಗೆ ಬಂದು, "ಇವತ್ತು ಮೂಗಿಗೆ ನೆಗಡಿ" ಎಂದು ಸುಸ್ತಾಗಿ ಕೂರುತ್ತಿದ್ದಳು. ಮೂಗನ್ನು ಎರಡು ಎಂಜಿನ್ನಿನ ಸಣ್ಣ ವಿಮಾನದಲ್ಲಿಟ್ಟು, ಅವಳ ಸಹೋದ್ಯೋಗಿಯೊಬ್ಬ ಪೈಲಟ್ ಜೊತೆ ಹೊಗೆಯ ಪಟ್ಟಿಯನ್ನು ಅಡ್ಡಡ್ಡ ಸೀಳುತ್ತ ಕಾಡಿನ ಮೇಲೆ ಹಾರುತ್ತಿದ್ದ. ಅವಳು ಮಾತ್ರ ಶೆಡ್ಡಿನಲ್ಲಿ ಕಂಪ್ಯೂಟರಿನ ಮುಂದೆ ಇರುತ್ತಿದ್ದಳು. ಮುಖ್ಯಸ್ಥೆ ಅಲ್ಲವೇ, ಇರಲಿ ಎಂದುಕೊಂಡಿದ್ದೆ.

ಅದು ಹಾಗಲ್ಲವೆಂದು ತಿಳಿದದ್ದು ಕಾಡಿನೊಳಗಿನ ಗೋಪುರದಲ್ಲಿ. ಮರಗಳ ತಲೆಯಿಂದಲೂ ಎತ್ತರಕ್ಕೆ ನಿಂತ ಕಬ್ಬಿಣದ ಗೋಪುರ ಅದು. ಗಾಳಿಯನ್ನು ಹೀರುವ ಕೊಳವೆಗಳನ್ನು ಅದರ ತುದಿಯಲ್ಲಿ ಕಟ್ಟಿದ್ದರು. ಒಂದು ರಜೆಯ ದಿನ ನಾನೇ ಹಠ ಹಿಡಿದು ಅವಳ ಜೊತೆ ಹೋದೆ. ಸೊಂಟಕ್ಕೆ ಬೆಲ್ಟು ಕಟ್ಟಿ, ಮೆಟ್ಟಿಲು ಹತ್ತಲು ಶುರು ಮಾಡಿದೆವು. ಅರ್ಧ ದಾರಿಯಲ್ಲಿ ಹಿಂತಿರುಗಿ ನೋಡಿದರೆ ಪುಟ್ಟಿಯ ಮುಖ ಸುಣ್ಣ ಬಳಿದ ಹಾಗಿದೆ. ಕಣ್ಣು ಗಟ್ಟಿಯಾಗಿ ಮುಚ್ಚಿದೆ. ಕೈ ಮಾತ್ರ ಕಂಬಿಯನ್ನು ತಡವರಿಸಿ ಹಿಡಿದು ಮೇಲೇರುತ್ತಿದೆ.

"ಏನಾಯ್ತೇ?"

"ಏನೂ ಆಗಿಲ್ಲ. ಎತ್ತರ ಅಂದ್ರೆ ಜೀವ ಹೋಗುತ್ತೆ ನಂಗೆ. ಹತ್ತಿ ಅತ್ತಿಗೆ, ನಿಂತ್ಕೊಂಡ್ರೆ ಇನ್ನೂ ಕಷ್ಟ."

"ಮತ್ತೆ ಯಾಕೆ ಹತ್ತಿದೆ? ಬೇರೆಯೋರನ್ನ ಕಳಿಸ್ಬಹುದಿತ್ತು."

"ಕೊಳವೆ ಬದಲಾಯಿಸ್ಬೇಕಲ್ಲ."

ತುದಿ ತಲುಪಿದ ಮೇಲೂ ಅವಳು ಕಣ್ಣು ತೆರೆಯಲಿಲ್ಲ. ಕಂಬಕ್ಕೆ ಒರಗಿ, ಬೆರಳುಗಳಿಂದಲೇ ಹುಡುಕಿ ಹಳೆ ಕೊಳವೆ ಬಿಚ್ಚಿ ಹೊಸದು ಕೂರಿಸಿದಳು. ಆಮೇಲೆ, "ಏನು ಕಾಣ್ತಿದೆ ಹೇಳಿ ಅತ್ತಿಗೆ" ಎಂದಳು.

ನಾನು ದಿನವಿಡೀ ಬೇರೆಯವರ ಕಣ್ಣು ಸರಿಮಾಡುವವಳು. ಆ ದಿನ ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ಕಾಲ ಕೆಳಗೆ ಕಾಡು ಅಲೆಅಲೆಯಾಗಿ ಆಕಾಶದ ಅಂಚಿನವರೆಗೆ ಹೋಗಿತ್ತು. ಒಂದೊಂದು ಮರದ ಹಸಿರೂ ಬೇರೆ. ಕೆಲವು ತಲೆಗಳಲ್ಲಿ ಚಿಗುರು ಕೆಂಪಗೆ ಉರಿಯುತ್ತಿತ್ತು. ಬಿಸಿಲೇರಿದಂತೆ ಎಲೆಗಳಿಂದ ಒಂದು ಬಿಸಿಬಿಸಿ, ಸಿಹಿಯಾದ ಗಾಳಿ ಮೇಲೆದ್ದು ಮುಖಕ್ಕೆ ತಾಗಿತು. ಇಷ್ಟು ದೊಡ್ಡ ಜೀವ ಇಷ್ಟು ಸದ್ದಿಲ್ಲದೆ ಕೆಲಸ ಮಾಡುತ್ತಿದೆಯಲ್ಲ ಎಂದು ಮೈ ಜುಮ್ಮೆಂದಿತು. ಇದನ್ನೆಲ್ಲ ಅವಳಿಗೆ ಹೇಳಿದೆ. ಕಣ್ಣು ಮುಚ್ಚಿಕೊಂಡೇ ನಗುತ್ತ ಕೇಳಿದಳು.

"ಊರಿನ ಕಡೆ?"

ಊರಿನ ಕಡೆ ತಿರುಗಿದೆ. ಆಕಾಶದ ಬುಡದಲ್ಲಿ ಕಂದು ಬಣ್ಣದ ಒಂದು ಪಟ್ಟಿ ನಮ್ಮ ಕಡೆಗೇ ಉದ್ದಕ್ಕೆ ಚಾಚಿತ್ತು. ಕನ್ನಡಕದ ಗಾಜಿನ ಮೇಲೆ ಜಿಡ್ಡು ಕೈ ಒರೆಸಿದ ಹಾಗೆ. ಅದನ್ನೂ ಹೇಳಿದೆ. ಅವಳ ನಗು ನಿಂತಿತು.

ಅವಳಿಗೆ ಇದ್ದ ತೊಡಕು ಇಷ್ಟೇ. ಹೊಗೆಯ ಪಟ್ಟಿಯೊಳಗೆ ಸಣ್ಣ ಕಣಗಳು ಹೇರಳವಾಗಿವೆ ಎಂದು ಮೂಗು ಮತ್ತು ಅದರ ಜೊತೆಗಿನ ಯಂತ್ರಗಳು ತೋರಿಸಿಯಾಗಿತ್ತು. ಆದರೆ ಅವಳದೇ ವಿಷಯದ ಕೆಲವು ವಿಜ್ಞಾನಿಗಳು, ಅವು ದೂರದಲ್ಲೆಲ್ಲೋ ಸುಟ್ಟ ಗದ್ದೆಗಳಿಂದ ತೇಲಿ ಬಂದಿರಬಹುದು, ಮರಗಳೇ ಮಾಡಿರಬಹುದು, ಊರೇ ಕಾರಣ ಎಂದು ಹೇಗೆ ಹೇಳುತ್ತೀರಿ ಎಂದು ಕೇಳುತ್ತಿದ್ದರು. ಅಷ್ಟೇ ಬಿಸಿಲು, ಅದೇ ಗಾಳಿ, ಅದೇ ಕಾಡು ಇದ್ದು ಹೊಗೆ ಮಾತ್ರ ಇಲ್ಲದ ಒಂದು ದಿನ ಸಿಕ್ಕರೆ ಉತ್ತರ ಸಿಗುತ್ತಿತ್ತು. ಅಂಥ ದಿನ ಎಲ್ಲಿಂದ ತರುವುದು?

ಅದನ್ನು ತಂದದ್ದು ನನ್ನ ಗಂಡ. ಒಂದು ವಾರದಿಂದ ಅವರು ಮುಖ ಗಂಟಿಕ್ಕಿಕೊಂಡು ಓಡಾಡುತ್ತಿದ್ದರು. ಒಂದು ಸಂಜೆ ಶೂ ಕೂಡ ಬಿಚ್ಚದೆ ತಂಗಿಯ ಕೋಣೆಯ ಬಾಗಿಲಲ್ಲಿ ನಿಂತರು.

"ಬರೋ ವಾರ ರಜೆ ದಿನ ಇಡೀ ಸ್ಥಾವರ ನಿಲ್ಲುತ್ತೆ. ಎಂಜಿನ್ನುಗಳನ್ನ ತಣ್ಣಗಿಡೋ ನೀರಿನ ಪೈಪು ಬದಲಾಯಿಸ್ಬೇಕು. ಅವತ್ತೊಂದು ದಿನಕ್ಕೆ ದೂರದ ಅಣೆಕಟ್ಟಿನ ಕಡೆಯಿಂದ ಊರಿಗೆ ಕರೆಂಟು ತಗೊಳ್ತೀವಿ."

ಪುಟ್ಟಿ ಎದ್ದು ನಿಂತಳು. "ಇದನ್ನ ನಂಗೆ ಹೇಳ್ಬಹುದಾ ನೀನು?"

"ಮ್ಯಾನೇಜರನ್ನ ಕೇಳಿಯೇ ಹೇಳ್ತಿರೋದು. 'ಇಲ್ಲದ ಉಸಾಬರಿ ಯಾಕ್ರೀ' ಅಂದ್ರು. ಚಿಮಣಿ ನಮ್ದು, ಹೊಗೆ ಎಲ್ಲಿಗೆ ಹೋಗ್ತಿದೆ ಅಂತ ನಮಗೂ ಗೊತ್ತಾಗ್ಲಿ ಸಾರ್ ಅಂದೆ. ಹೂಂ ಅಂದ್ರು." ಅವರು ಗಂಟಲು ಸರಿಮಾಡಿಕೊಂಡರು. "ನಿನ್ನ ಯಂತ್ರ ಏನು ಹೇಳಿದ್ರೂ ಹೇಳು. ಆದ್ರೆ ಸರಿಯಾಗಿ ಅಳೆದು ಹೇಳು."

ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ವಿಮಾನದಲ್ಲಿ ಹಾರುತ್ತಿದ್ದ ಸಹೋದ್ಯೋಗಿಗೆ ಕಿವಿ ಸೋರಲು ಶುರುವಾಯಿತು. ಹಾರಿದರೆ ಕಿವಿಯೇ ಹೋದೀತು ಎಂದು ವೈದ್ಯರು ಖಡಾಖಂಡಿತವಾಗಿ ಹೇಳಿದರು. ಮೂಗನ್ನು ನಡೆಸಲು ಬರುತ್ತಿದ್ದವರು ಇಬ್ಬರೇ: ಅವನು, ಮತ್ತು ಅದನ್ನು ಕಟ್ಟಿದವಳು.

ಸ್ಥಾವರ ನಿಂತ ಆ ಬೆಳಿಗ್ಗೆ ಪುಟ್ಟಿ ಏನೂ ತಿನ್ನಲಿಲ್ಲ. ಅವಳು ಚಪ್ಪಲಿ ಮೆಟ್ಟುವಾಗ, "ಬೇಡ ಅಂದ್ರೆ ಬಿಡು, ಇನ್ನೊಂದು ವರ್ಷ ನೋಡಿದ್ರಾಯ್ತು" ಎಂದೆ. ಅವಳು ನನ್ನ ಕೈ ಒಮ್ಮೆ ಹಿಸುಕಿ ಹೊರಟುಬಿಟ್ಟಳು.

ಮೇಲೆ ಏನಾಯಿತೆಂದು ಅವಳು ಬಾಯಿ ಬಿಡಲಿಲ್ಲ. ನನಗೆ ಹೇಳಿದವರು ಪೈಲಟ್. ದಪ್ಪ ಮೀಸೆಯ, ಮಿತ ಮಾತಿನ ಮನುಷ್ಯ. ಹತ್ತಿರದ ಅಕ್ಷರ ಮಸುಕಾಗುತ್ತಿದೆ ಎಂದು ಕನ್ನಡಕಕ್ಕಾಗಿ ನಮ್ಮ ಅಂಗಡಿಗೆ ಬಂದಿದ್ದರು. ನಾನು ಯಾರೆಂದು ತಿಳಿದ ಮೇಲೆ ಕುರ್ಚಿ ಬಿಟ್ಟು ಏಳಲೇ ಇಲ್ಲ.

"ನಿಮ್ಮ ನಾದಿನಿ ಏರಿದ ಹತ್ತು ನಿಮಿಷಕ್ಕೇ ವಾಂತಿ ಮಾಡ್ಕೊಂಡ್ರು ಮೇಡಂ. ವಾಪಸ್ ಹೋಗೋಣ್ವಾ ಅಂದೆ. ತಲೆ ಅಲ್ಲಾಡಿಸಿದ್ರು. ಆಮೇಲೂ ನಿಲ್ಲಲಿಲ್ಲ. ಒಂದು ಕೈಲಿ ಚೀಲ, ಇನ್ನೊಂದು ಕೈ ಯಂತ್ರದ ಮೇಲೆ. ಕಾಡಿನ ಮೇಲೆ ಗೆರೆ ಎಳೆದ ಹಾಗೆ ಹೋಗ್ತಾ ಬರ್ತಾ ಇದ್ವಿ. ಗಂಟಲು ಒಣಗ್ತು ಅಂತ ನಾನೊಂದು ಕಿತ್ತಳೆ ಹಣ್ಣು ಸುಲಿದೆ. ಅವರು ನಂಗೆ ಬೆನ್ನು ಹಾಕಿ ಕೂತಿದ್ರು, ನೋಡಿರ್ಲಿಲ್ಲ. ಇದ್ದಕ್ಕಿದ್ದ ಹಾಗೆ, 'ಕ್ಯಾಪ್ಟನ್, ಕಿತ್ತಳೆ ಸುಲಿದ್ರಾ?' ಅಂದ್ರು. ಬೇಕಾ ಅಂತ ಕೇಳಿದೆ."

ಪೈಲಟ್ ತಮ್ಮಷ್ಟಕ್ಕೆ ನಕ್ಕರು. ನನಗೆ ಅರ್ಥವಾಗಲಿಲ್ಲ.

"ಕಿತ್ತಳೆ ಸಿಪ್ಪೆಯ ಆವಿ ಅವರ ಪರದೆ ಮೇಲೆ ಬಂದುಬಿಟ್ಟಿತ್ತು ಮೇಡಂ! ಹೊರಗಿನ ಗಾಳಿ ಅಳೀಬೇಕಾದ ಯಂತ್ರಕ್ಕೆ ಒಳಗಿನ ಹಣ್ಣು ಹೇಗೆ ಗೊತ್ತಾಗ್ಬೇಕು? ಎಲ್ಲೋ ಕೊಳವೆ ಸಡಿಲ ಆಗಿದೆ, ವಿಮಾನದೊಳಗಿನ ಗಾಳಿ ನುಗ್ತಿದೆ ಅಂತ ಹಿಡಿದುಬಿಟ್ರು. ಅಲ್ಲೀತನಕ ಅಳೆದದ್ದು ಎಷ್ಟು ಕೆಟ್ಟಿದೆಯೋ ಗೊತ್ತಿಲ್ಲ. ಬೇರೆಯೋರಾಗಿದ್ರೆ ತಲೆ ಮೇಲೆ ಕೈ ಹೊತ್ಕೊಂಡು ಕೂರ್ತಿದ್ರು. ಇವರು ನೆಲದ ಮೇಲೆ ಮಲಗಿ, ತೆವಳಿ, ಕೊಳವೆ ಕೀಲು ಒಂದೊಂದಾಗಿ ತಡವಿ ಹುಡುಕಿ ಬಿಗಿ ಮಾಡಿದ್ರು. ಎದ್ದು, 'ಮೊದಲಿಂದ ಹೋಗೋಕಾಗುತ್ತಾ?' ಅಂದ್ರು."

"ನೀವೇನಂದ್ರಿ?"

"ದೂರದಲ್ಲಿ ಮೋಡ ಏಳ್ತಿತ್ತು. ಇಂಧನ ನೋಡ್ಕೊಂಡೆ. ಕೊನೆ ಗೆರೆ ಬಿಟ್ಟು ಉಳಿದದ್ದು ಆಗುತ್ತೆ, ಆಮೇಲೆ ನಾನು ವಾಪಸ್ ಅಂದ್ರೆ ಒಂದು ಮಾತೂ ಆಡಕೂಡದು ಅಂದೆ. ಹೂಂ ಅಂದ್ರು. ಮೋಡದ ಅಂಚಿಗೆ ಬಂದಾಗ ವಿಮಾನ ಎತ್ತಿ ಹಾಕ್ತು ನೋಡಿ, ನಂಗೇ ಎದೆ ಧಸಕ್ ಅಂತು. ವಾಪಸ್ ಅಂದೆ. ಅವರಿಗೆ ಎಷ್ಟು ಆಸೆ ಇತ್ತೋ, ಆದ್ರೂ ತುಟಿ ಪಿಟಕ್ ಅನ್ನಲಿಲ್ಲ. ಇಳಿದ ಮೇಲೆ ರನ್‌ವೇ ಪಕ್ಕದ ಹುಲ್ಲಿನ ಮೇಲೆ ಕೂತೇಬಿಟ್ರು. ನನ್ನ ಸರ್ವಿಸ್‌ನಲ್ಲಿ ಇಷ್ಟು ಹೆದರೋರನ್ನೂ ನೋಡಿಲ್ಲ, ಇಷ್ಟು ಹಠದೋರನ್ನೂ ನೋಡಿಲ್ಲ ಮೇಡಂ."

ಆ ದಿನ ನಾನು ಅವರ ಕನ್ನಡಕದ ಅಳತೆಯನ್ನು ಎರಡು ಸಲ ತೆಗೆದೆ. ಮೊದಲ ಸಲ ನನ್ನ ಕಣ್ಣು ಮಂಜಾಗಿತ್ತು.

ಸ್ಥಾವರ ಮತ್ತೆ ಶುರುವಾದ ಮೇಲೆ, ಅಂಥದ್ದೇ ಬಿಸಿಲು ಗಾಳಿ ಇದ್ದ ದಿನಗಳಲ್ಲಿ ಅವೇ ಗೆರೆಗಳ ಮೇಲೆ ಮತ್ತೆ ಹಾರಿದರು. ವ್ಯತ್ಯಾಸ ಕುರುಡರಿಗೂ ಕಾಣುವಂತಿತ್ತು. ಹೊಗೆ ನಿಂತ ದಿನ ಕಾಡಿನ ಮೇಲೆ ಸಣ್ಣ ಕಣಗಳು ಅಲ್ಲೊಂದು ಇಲ್ಲೊಂದು. ಹೊಗೆ ಬಂದ ದಿನಗಳಲ್ಲಿ ಅದೇ ಮರಗಳ ಅದೇ ಉಸಿರಿನಿಂದ ಅವು ಎಷ್ಟೋ ಪಟ್ಟು ಹೆಚ್ಚು. ಸುಟ್ಟ ಗದ್ದೆಯ ಗುರುತು ಎರಡರಲ್ಲೂ ಇರಲಿಲ್ಲ.

ಅದನ್ನು ಊರಿನವರ ಮುಂದಿಡಲು ಪುರಭವನದಲ್ಲಿ ಒಂದು ಸಭೆ ಕರೆದರು. ಸ್ಥಾವರದ ಮ್ಯಾನೇಜರು ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ನಾನೂ ನನ್ನ ಗಂಡನೂ ಅವರ ಹಿಂದೆ. ಪುಟ್ಟಿ ಚಿತ್ರಗಳನ್ನು ತೋರಿಸಿ, ಸುಲಭವಾದ ಮಾತಿನಲ್ಲಿ ಎಲ್ಲ ಹೇಳಿದಳು. ಯಾರೋ ಎದ್ದು, "ಅಂದ್ರೆ ತಪ್ಪು ಮರದ್ದಾ ನಮ್ದಾ?" ಎಂದು ಕೇಳಿದರು.

"ಮರ ಲಕ್ಷಾಂತರ ವರ್ಷದಿಂದ ಮಾಡ್ತಿದ್ದ ಕೆಲಸಾನೇ ಮಾಡ್ತಿದೆ. ಹೊಸದಾಗಿ ಬಂದು ಸೇರ್ಕೊಂಡಿರೋದು ನಾವು" ಎಂದಳು. ಜನ ಚಪ್ಪಾಳೆ ತಟ್ಟಿದರು. ಅಲ್ಲಿಗೆ ಮುಗಿಸಿದ್ದರೆ ಅವಳ ಕೀರ್ತಿಗೆ ಕುಂದೇನೂ ಬರುತ್ತಿರಲಿಲ್ಲ. ಆದರೆ ಅವಳು ಚಪ್ಪಾಳೆ ನಿಲ್ಲುವವರೆಗೆ ಕಾದು ಮತ್ತೆ ಮೈಕಿನ ಹತ್ತಿರ ಬಂದಳು.

"ಇನ್ನೊಂದು ವಿಷಯ ನಾನೇ ಹೇಳ್ಬೇಕು. ಸ್ಥಾವರ ನಿಂತಿದ್ದು ರಜೆ ದಿನ. ಅವತ್ತು ರಸ್ತೆ ಮೇಲೆ ಗಾಡಿಗಳೂ ಕಮ್ಮಿ ಇದ್ವು. ಹಾಗಾಗಿ ಇದರಲ್ಲಿ ಚಿಮಣಿದು ಎಷ್ಟು, ರಸ್ತೆದು ಎಷ್ಟು ಅಂತ ಇವತ್ತು ಬಿಡಿಸಿ ಹೇಳೋಕೆ ನನ್ನಿಂದ ಆಗಲ್ಲ. ಊರಿಂದಲೇ ಬಂದಿದೆ ಅನ್ನೋದು ಖಂಡಿತ. ಯಾರ ಪಾಲು ಎಷ್ಟು ಅನ್ನೋದು ಗೊತ್ತಿಲ್ಲ."

ಸಭೆ ಗುಜುಗುಜು ಎಂದಿತು. ಮ್ಯಾನೇಜರು ಕಟ್ಟಿದ್ದ ಕೈ ಬಿಚ್ಚಿದರು. "ಹಾಗಾದ್ರೆ ನಮ್ಮ ಸ್ಥಾವರದ ಮೇಲೆ ಏನೂ ಸಾಬೀತಾಗಿಲ್ಲ ಅಂತ ಬರೆದುಕೊಳ್ಳಬಹುದಾ?"

ಪುಟ್ಟಿ ಉತ್ತರ ಕೊಡುವ ಮೊದಲೇ ನನ್ನ ಪಕ್ಕದ ಕುರ್ಚಿ ಕಿರ್ರೆಂದಿತು. ನನ್ನ ಗಂಡ ಎದ್ದು ನಿಂತಿದ್ದರು.

"ಸಾರ್, ಅವಳಿಗೆ ಸುಳ್ಳು ಹೇಳ್ಬೇಕು ಅಂತಿದ್ದಿದ್ರೆ ಈ ಮಾತು ಹೇಳ್ತಾನೇ ಇರ್ಲಿಲ್ಲ. ನಮ್ಮಲ್ಲಿ ಯಾರಿಗೂ ಹೊಳೆದಿರ್ಲಿಲ್ಲ. ಎಂಜಿನ್ನುಗಳ ಸರ್ವಿಸ್ ಹೇಗೂ ಬರ್ತಿದೆ. ಕೆಲಸದ ದಿನಗಳಲ್ಲೇ ಒಂದೊಂದಾಗಿ ನಿಲ್ಲಿಸೋಣ. ಅಳೀಲಿ."

ಅಷ್ಟು ಜನರ ಮುಂದೆ ಮ್ಯಾನೇಜರಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಅವರು ಕೆಟ್ಟವರೇನಲ್ಲ, ಗದ್ದ ಕೆರೆದುಕೊಂಡು, "ಅಳೀಲಿ" ಎಂದರು.

ಮುಂದಿನ ಬೇಸಿಗೆ ಪುಟ್ಟಿ ಮತ್ತೆ ಬಂದಳು. ಸಹೋದ್ಯೋಗಿಯ ಕಿವಿ ವಾಸಿಯಾಗಿದ್ದರೂ ಅರ್ಧ ಹಾರಾಟಗಳನ್ನು ತಾನೇ ಮಾಡಿದಳು. ಒಂದು ಸಲ ವಿಮಾನದಲ್ಲಿ ಜಾಗವಿತ್ತು, ನನ್ನ ಗಂಡನೂ ಹತ್ತಿದರು. ಇಳಿದವರು ನೇರ ಮನೆಗೆ ಬಂದರು. ಆಮೇಲೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಹೇಳಿದರು: "ನಮ್ಮ ಹೊಗೆ ಎಲ್ಲಿ ಮುಗಿಯುತ್ತೆ ಅಂತ ನೋಡೋಣ ಅಂದ್ಕೊಂಡು ಹೋದೆ ಕಣೆ. ಹಾರಿದ್ವಿ, ಹಾರಿದ್ವಿ. ಅದು ಮುಗಿಯೋ ಜಾಗ ಕಾಣಲೇ ಇಲ್ಲ."

ಕೊನೆಗೆ ಬಂದ ಉತ್ತರ ಯಾರಿಗೂ ಪೂರ್ತಿ ಸಿಹಿಯಾಗಿರಲಿಲ್ಲ. ಚಿಮಣಿಯ ಪಾಲು ಪುಟ್ಟಿ ಮೊದಲು ಊಹಿಸಿದ್ದಕ್ಕಿಂತ ಕಡಿಮೆ, ಬಸ್ಸು ಲಾರಿಗಳ ಪಾಲು ಹೆಚ್ಚು. ಅವಳು ಇದ್ದದ್ದನ್ನು ಇದ್ದ ಹಾಗೆಯೇ ಪ್ರಕಟಿಸಿದಳು. ಸ್ಥಾವರದವರು ನಿಟ್ಟುಸಿರು ಬಿಟ್ಟರು, ಬಸ್ಸಿನವರು ಮೂಗು ಮುರಿದರು. ಆದರೆ ತಮಗೆ ಅನುಕೂಲವಾದ ಲೆಕ್ಕವನ್ನು ಒಪ್ಪಿಕೊಂಡ ಮೇಲೆ ಅನನುಕೂಲದ ಭಾಗವನ್ನು ಅಲ್ಲಗಳೆಯಲು ಸ್ಥಾವರದವರಿಗೆ ಮುಖವಿರಲಿಲ್ಲ. ತೀರ ಹಳೆಯ ಎಂಜಿನ್ನುಗಳಿಂದ ಶುರುಮಾಡಿ ಅನಿಲದಿಂದ ಓಡುವವನ್ನು ತಂದರು. ವರ್ಷಗಳೇ ಹಿಡಿದವು. ಅದರ ತರಬೇತಿಗೆ ನನ್ನ ಗಂಡನೇ ತಾನಾಗಿ ಹೆಸರು ಕೊಟ್ಟರು. ತಲೆ ನರೆತ ಮೇಲೆ ಹಾಸ್ಟೆಲಿನಲ್ಲಿ ಉಳಿದು, ಪರೀಕ್ಷೆ ಬರೆದು, ಪಾಸಾಗಿ ಬಂದರು. ಬಸ್ಸುಗಳ ವಿಷಯ ಇನ್ನೂ ಕುಂಟುತ್ತಿದೆ. ಹೊಸ ಬಸ್ಸು ಕಂಡಾಗ ಖುಷಿಪಡುತ್ತೇನೆ, ಹಳೆಯದರ ಹಿಂದೆ ಸಿಕ್ಕಿಬಿದ್ದಾಗ ಬೈಯುತ್ತೇನೆ.

ಪುಟ್ಟಿ ಈಗ ಬೇರೊಂದು ದೇಶದ ಕಾಡಿನಲ್ಲಿದ್ದಾಳೆ. ಅಲ್ಲೂ ಮಗ್ಗುಲಲ್ಲಿ ಒಂದು ಊರು ಬೆಳೆಯುತ್ತಿದೆಯಂತೆ. ನಿನ್ನೆ ಬೆಳಿಗ್ಗೆ ಫೋನು ಮಾಡಿದ್ದಳು. ಹಿಂದೆ ಎಂಜಿನ್ನಿನ ಗದ್ದಲ.

"ಅತ್ತಿಗೆ, ಇಲ್ಲಿ ಮರದ ಜಾತಿನೇ ಬೇರೆ. ಬಿಡೋ ಆವಿನೂ ಬೇರೆ. ನಾನು ಅಂದ್ಕೊಂಡಿದ್ದು ಒಂದೂ ಸರಿ ಹೋಗ್ತಿಲ್ಲ!" ಎಂದಳು. ಎಷ್ಟು ಸಂತೋಷದಿಂದ ಹೇಳಿದಳೆಂದರೆ, ನಾನು ಫೋನನ್ನು ಸ್ಪೀಕರಿಗೆ ಹಾಕಿ ಅವಳ ಅಣ್ಣನನ್ನು ಕೂಗಿದೆ.

"ಊಟ ಸರಿಯಾಗಿ ಮಾಡ್ತಿದ್ದೀಯಾ?" ಎಂದು ಅವರು ದೂರದಿಂದಲೇ ಕೇಳಿದರು.

"ಹಾರೋ ಮುಂಚೆ ಮಾಡಲ್ಲ ಅಣ್ಣ, ಇಳಿದ ಮೇಲೆ ಮಾಡ್ತೀನಿ. ಕರೀತಿದ್ದಾರೆ, ಇಡ್ತೀನಿ" ಎಂದಳು ಪುಟ್ಟಿ.